ಸಿಕ್ಕ ಗರಿ ಯಾವ ಹಕ್ಕಿಯದು? ಬಣ್ಣ ಕೊನೆಗೆ ನೋಡಿ

ಟೆರೇಸ್ ಮೇಲೆ ಬಟ್ಟೆ ಒಣಹಾಕಲು ಹೋದಾಗ ನೀರಿನ ಟ್ಯಾಂಕ್ ಪಕ್ಕ ಒಂದು ಗರಿ ಬಿದ್ದಿತ್ತು. ಕಂದು ಬಣ್ಣ, ಅಡ್ಡಡ್ಡ ಬಿಳಿ ಪಟ್ಟೆ, ಗೇಣಿಗೆ ಸ್ವಲ್ಪ ಕಡಿಮೆ ಉದ್ದ. ನೋಡಿದ ಕೂಡಲೇ ಗೂಬೆ ಅಂದುಕೊಂಡೆ. ಫೋಟೋ ತೆಗೆದು "ಬನಶಂಕರಿಯಲ್ಲೂ ಗೂಬೆ ಬಂದಿದೆ ನೋಡಿ" ಅಂತ ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿಯೂ ಬಿಟ್ಟೆ. ಅರ್ಧ ಗಂಟೆಯಲ್ಲಿ ಗುಂಪು ಎರಡು ಪಾರ್ಟಿ ಆಯಿತು. ಕೆಲವರು ಎಷ್ಟು ಚೆಂದ ಅಂದರು, ಇನ್ನು ಕೆಲವರು ಮೊದಲು ಅದನ್ನು ಆಚೆ ಬಿಸಾಕಿ ಅಂದರು. ಮನೆಗೆಲಸಕ್ಕೆ ಬರುವ ಲಕ್ಷ್ಮಮ್ಮನವರಂತೂ "ಅಕ್ಕಾ, ದೀಪ ಹಚ್ಚೋ ಹೊತ್ತಿಗೆ ಅದು ಮನೇಲಿ ಇರಬಾರದು ನೋಡಿ" ಅಂತ ಖಡಾಖಂಡಿತ ಹೇಳಿ ಹೋದರು.

ಅದು ಗೂಬೆ ಗರಿ ಆಗಿರಲಿಲ್ಲ. ಹೆಣ್ಣು ಕೋಗಿಲೆಯ ಬಾಲದ ಗರಿ. ಎದುರು ಮನೆಯ ಗಸಗಸೆ ಹಣ್ಣಿನ ಮರದಲ್ಲಿ ದಿನಾ ಕೂರುವ ಹಕ್ಕಿ. ಗಂಡು ಕೋಗಿಲೆ ಕಪ್ಪು, ಹೆಣ್ಣು ಕಂದು ಮೈಗೆ ಬಿಳಿ ಚುಕ್ಕೆ ಪಟ್ಟೆ ಅನ್ನೋದು ನನಗೆ ಗೊತ್ತಿತ್ತು. ಆದರೂ ತಪ್ಪಿದೆ, ಯಾಕೆಂದರೆ ಬಣ್ಣ ನೋಡಿದ ತಕ್ಷಣ ಹೆಸರು ಹುಡುಕಲು ಹೋದೆ. ಗರಿ ವಿಷಯದಲ್ಲಿ ಎಲ್ಲರೂ ಮಾಡೋ ತಪ್ಪು ಇದೇ. ಯಾವ ಹಕ್ಕಿ ಅನ್ನೋದು ನಾಲ್ಕನೆಯದೋ ಐದನೆಯದೋ ಪ್ರಶ್ನೆ. ಅದಕ್ಕೆ ಮುಂಚೆ ಕೇಳಬೇಕಾದ್ದು ಬೇರೆ ಇದೆ.

ಕೈಗೆ ತೆಗೆದುಕೊಳ್ಳುವ ಮೊದಲು

ಗರಿ ಬಿದ್ದಲ್ಲೇ ಇರಲಿ. ಮೊದಲು ಸುತ್ತ ಒಮ್ಮೆ ನೋಡಿ. ಮೇಲೆ ಏನಿದೆ? ತೆಂಗಿನ ಮರವೋ, ಮೊಬೈಲ್ ಟವರೋ, ಪಾರಿವಾಳ ಕೂರುವ ಎಸಿ ಡಬ್ಬವೋ? ಕೆರೆ ಹತ್ತಿರವೋ, ಮಾಂಸದಂಗಡಿ ಹಿಂದೆಯೋ? ಅರ್ಧ ಉತ್ತರ ಅಲ್ಲೇ ಇರುತ್ತದೆ.

ಒಂದೇ ಗರಿ ಇದೆಯಾ, ರಾಶಿ ಇದೆಯಾ ಅಂತಲೂ ನೋಡಿ. ಒಂದೋ ಎರಡೋ ಇದ್ದರೆ ಹಕ್ಕಿ ತಾನಾಗಿ ಉದುರಿಸಿದ್ದು. ನಮ್ಮ ತಲೆಕೂದಲು ಉದುರುವ ಹಾಗೆ ಹಕ್ಕಿಗಳೂ ಹಳೇ ಗರಿ ಕಳಚಿ ಹೊಸದು ಬೆಳೆಸಿಕೊಳ್ಳುತ್ತವೆ, ಅದೂ ಬಹಳಷ್ಟು ಹಕ್ಕಿಗಳು ಎಡಬಲ ರೆಕ್ಕೆಯಿಂದ ಒಂದೊಂದೇ ಗರಿ ಬಿಡುತ್ತವೆ, ಇಲ್ಲದಿದ್ದರೆ ಹಾರೋದು ಹೇಗೆ? ರಾಶಿ ಗರಿ ಬಿದ್ದಿದ್ದರೆ ಅಲ್ಲಿ ಏನೋ ನಡೆದಿದೆ. ಗರಿಯ ಬುಡ ಪೂರ್ತಿ ಇದ್ದು ಕಿತ್ತು ಹಾಕಿದ ಹಾಗಿದ್ದರೆ ಶಿಕ್ರಾದಂಥ ಬೇಟೆ ಹಕ್ಕಿಯ ಕೆಲಸ, ಅದು ಊಟಕ್ಕೆ ಮುಂಚೆ ಕೂತು ಗರಿ ಕಿತ್ತು ಕಿತ್ತು ಎಸೆಯುತ್ತದೆ. ಬುಡ ಕಡಿದು, ಜಗಿದು, ಎಂಜಲು ಅಂಟಿ ಗೊಂಚಲಾಗಿದ್ದರೆ ಬೆಕ್ಕು.

ಈಗ ಫೋಟೋ. ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಡಿ, ಅದರ ಅಡ್ಡಗಲ 27 ಮಿಲಿಮೀಟರ್, ಆಮೇಲೆ ಅಳತೆ ಲೆಕ್ಕ ಹಾಕಬಹುದು. ಸ್ಕೇಲ್ ಇದ್ದರೆ ಇನ್ನೂ ಒಳ್ಳೆಯದು. ಮೇಲ್ಮೈ ಒಂದು, ಅಡಿಭಾಗ ಒಂದು, ಬುಡದ್ದು ಹತ್ತಿರದಿಂದ ಒಂದು, ಮೂರು ಫೋಟೋ ಸಾಕು.

ಸತ್ತ ಹಕ್ಕಿಯ ಪಕ್ಕ ಬಿದ್ದ ಗರಿ ಮುಟ್ಟಲೇಬೇಡಿ. ಬೇರೆಯದನ್ನು ಮುಟ್ಟಿದರೆ ಸೋಪು ಹಾಕಿ ಕೈ ತೊಳೆದುಕೊಳ್ಳಿ, ಗರಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಇರುತ್ತವೆ. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ 'ಟ್ರೋಫಿ' ಅಂತ ಕರೆಯುವ ಪಟ್ಟಿಯಲ್ಲಿ ಕೊಂಬು, ಉಗುರು, ಹಲ್ಲುಗಳ ಜೊತೆ ಗರಿಯೂ ಸೇರಿದೆ. ನವಿಲುಗರಿಗೆ ಮಾತ್ರ ದೇಶದೊಳಗೆ ವಿನಾಯಿತಿ ಉಂಟು, ಹೊರದೇಶಕ್ಕೆ ಸಾಗಿಸುವ ಹಾಗಿಲ್ಲ. ಹಾಗಾಗಿ ನನ್ನ ಪದ್ಧತಿ ಸರಳ. ನೋಡು, ಅಳೆ, ಫೋಟೋ ತೆಗೆ, ಬಿದ್ದಲ್ಲೇ ಬಿಡು. ಶಾಲೆ ದಿನಗಳಲ್ಲಿ ನೋಟ್ ಪುಸ್ತಕದೊಳಗೆ ಇಟ್ಟು ಮರಿ ಹಾಕುತ್ತೆ ಅಂತ ಕಾದಿದ್ದು ನವಿಲುಗರಿಯನ್ನೇ ಆದ್ದರಿಂದ ಬಚಾವ್.

ಮೈಯ ಯಾವ ಜಾಗದ ಗರಿ?

ಇದೇ ಮುಖ್ಯ ಹೆಜ್ಜೆ, ಇಲ್ಲಿ ಸ್ವಲ್ಪ ನಿಧಾನಿಸಿ.

ಗರಿಯ ನಡುವೆ ಒಂದು ಕಡ್ಡಿ ಇರುತ್ತದೆ ಅಲ್ವಾ, ಅದರ ಎರಡೂ ಪಕ್ಕದ ಅಗಲ ಹೋಲಿಸಿ. ಒಂದು ಪಕ್ಕ ತೀರಾ ಕಿರಿದು, ಇನ್ನೊಂದು ಪಕ್ಕ ಅಗಲ ಇದ್ದರೆ ಅದು ರೆಕ್ಕೆಯ ಹೊರತುದಿಯ ಗರಿ. ಕಿರಿದಾದ ಪಕ್ಕ ಗಾಳಿಯನ್ನು ಸೀಳಿಕೊಂಡು ಹೋಗುವ ಅಂಚು, ಬೆರಳಲ್ಲಿ ಸವರಿದರೆ ಗಟ್ಟಿ ಅನಿಸುತ್ತದೆ. ಎರಡೂ ಪಕ್ಕದ ವ್ಯತ್ಯಾಸ ಅಷ್ಟೇನೂ ಇಲ್ಲ, ಗರಿ ಕತ್ತಿಯ ಹಾಗೆ ಸ್ವಲ್ಪ ಬಾಗಿದೆ, ತುದಿ ಮೊಂಡು ಅಂದರೆ ರೆಕ್ಕೆಯ ಒಳಭಾಗದ್ದು. ಕಡ್ಡಿ ನೇರ, ಎರಡೂ ಪಕ್ಕ ಸಮ ಇದ್ದರೆ ಬಾಲದ ನಡುವಿನದು. ಬಾಲದ ಅಂಚಿನ ಗರಿಗಳಲ್ಲೂ ಒಂದು ಪಕ್ಕ ಕಿರಿದಾಗಿರುತ್ತದೆ, ಇಲ್ಲೇ ತಲೆ ಕೆಡೋದು. ಆಗ ಬಾಗು ನೋಡಿ: ರೆಕ್ಕೆ ಗರಿಗೆ ಬಾಗು ಜಾಸ್ತಿ, ಬಾಲದ್ದಕ್ಕೆ ಕಡಿಮೆ.

ಚಿಕ್ಕದು, ಮೆತ್ತಗೆ, ಅರ್ಧಕ್ಕಿಂತ ಜಾಸ್ತಿ ಹಿಂಜಿದ ಹತ್ತಿಯ ಹಾಗಿದ್ದರೆ ಎದೆ ಹೊಟ್ಟೆಯದು. ಪೂರ್ತಿ ಹತ್ತಿಯೇ ಆಗಿದ್ದರೆ ತುಪ್ಪಳ. ಇವೆರಡನ್ನು ಹಿಡಿದು ಹಕ್ಕಿ ಹೆಸರು ಹೇಳೋಕೆ ಹೋಗಬೇಡಿ, ಸುಮ್ನೆ ಸಮಯ ವ್ಯರ್ಥ.

ಮಕ್ಕಳಿಗೆ ಇಷ್ಟವಾಗುವ ಒಂದು ಆಟ ಇದೆ. ಗರಿ ತಿರುಗಿಸಿ ಕಡ್ಡಿ ನೋಡಿ. ಉದ್ದಕ್ಕೂ ಸಣ್ಣ ಕಾಲುವೆಯಂತೆ ತಗ್ಗು ಇರುವುದು ಅಡಿಭಾಗ. ಅದನ್ನು ಕೆಳಗೆ ಮಾಡಿ, ಗರಿಯ ತುದಿ ನಿಮ್ಮ ಹೊಟ್ಟೆ ಕಡೆ ಬರುವಂತೆ ಹಿಡಿಯಿರಿ, ಹಕ್ಕಿ ನಿಮಗೆ ಬೆನ್ನು ಹಾಕಿ ಕೂತಿದೆ ಅಂದುಕೊಳ್ಳಿ. ರೆಕ್ಕೆ ಗರಿಯಾಗಿದ್ದು ಕಿರಿದಾದ ಪಕ್ಕ ಎಡಕ್ಕೆ ಬಂದರೆ ಎಡ ರೆಕ್ಕೆಯದು, ಬಲಕ್ಕೆ ಬಂದರೆ ಬಲ ರೆಕ್ಕೆಯದು. ಪಕ್ಕದ ಮನೆಯ ಎರಡನೇ ಕ್ಲಾಸ್ ಹುಡುಗ ಇದನ್ನು ಒಮ್ಮೆ ಕಲಿತು ಈಗ ನನಗಿಂತ ಬೇಗ ಹೇಳುತ್ತಾನೆ.

ಅಳತೆ

ಬುಡದಿಂದ ತುದಿ ತನಕ ಅಳೆಯಿರಿ. ಬಾಗಿದ ಗರಿಯನ್ನು ಜಗ್ಗಿ ನೇರ ಮಾಡಬೇಡಿ. ಬೆಂಗಳೂರಿನ ಮಟ್ಟಿಗೆ ನಾನು ಇಟ್ಟುಕೊಂಡಿರುವ ಅಂದಾಜು ಹೀಗಿದೆ: ಒಂದು ಅಡಿ ಸ್ಕೇಲ್ ದಾಟಿದರೆ ಹದ್ದು, ಗರುಡ, ಹೆಜ್ಜಾರ್ಲೆ, ನವಿಲಿನಂಥ ದೊಡ್ಡವರು. 20 ಸೆಂ.ಮೀ. ಆಸುಪಾಸು ಕಾಗೆ, ಅಥವಾ ಬಾಲದ್ದಾದರೆ ಕೋಗಿಲೆ. 15ರ ಹತ್ತಿರ ಪಾರಿವಾಳದ ರೆಕ್ಕೆ. 10ರ ಹತ್ತಿರ ಗೊರವಂಕ. ಅದಕ್ಕೂ ಚಿಕ್ಕದಾದರೆ ಪಿಕಳಾರ, ಕುಟ್ರು, ಗುಬ್ಬಚ್ಚಿ ಅಂತ ಪಟ್ಟಿ ಉದ್ದವಾಗುತ್ತದೆ, ಕೆಲಸ ಕಷ್ಟವಾಗುತ್ತದೆ. ಒಂದೇ ಹಕ್ಕಿಯಲ್ಲೂ ಗರಿಗಳು ಚಿಕ್ಕವು ದೊಡ್ಡವು ಇರುತ್ತವೆ ಅನ್ನೋದು ನೆನಪಿರಲಿ. ಗರಿ ದೊಡ್ಡದಾಗಿದ್ದರೆ ಚಿಕ್ಕ ಹಕ್ಕಿಗಳನ್ನು ಧೈರ್ಯವಾಗಿ ಬಿಡಬಹುದು. ಗರಿ ಚಿಕ್ಕದು ಅಂತ ದೊಡ್ಡ ಹಕ್ಕಿಯನ್ನು ಬಿಡೋಕೆ ಆಗಲ್ಲ.

ಮುಟ್ಟಿ ನೋಡಿ: ಗೂಬೆ ಪರೀಕ್ಷೆ

ನಾನು ಮೊದಲೇ ಇದನ್ನು ಮಾಡಿದ್ದರೆ ಗುಂಪಿನಲ್ಲಿ ಮರ್ಯಾದೆ ಉಳಿಯುತ್ತಿತ್ತು. ಕಣಜ ಗೂಬೆಯ ರೆಕ್ಕೆಯ ಹೊರತುದಿಯ ಗರಿ ಸಿಕ್ಕರೆ ಕಿರಿದಾದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಅಂಚಿನ ಉದ್ದಕ್ಕೂ ಬಾಚಣಿಗೆ ಹಲ್ಲಿನ ಹಾಗೆ ಸಣ್ಣ ಸಣ್ಣ ಎಳೆ ಎದ್ದು ನಿಂತಿರುತ್ತವೆ. ಮೇಲ್ಮೈ ಮಖಮಲ್ಲಿನಷ್ಟು ನಯ, ಹಿಂದಿನ ಅಂಚು ಸೀರೆ ಕುಚ್ಚಿನ ಹಾಗೆ ಬಿಡಿಬಿಡಿ. ಗಾಳಿಯ ಸದ್ದು ಅಡಗಿಸಿ ಇಲಿಗೆ ಗೊತ್ತಾಗದ ಹಾಗೆ ಹಾರೋಕೆ ಇಷ್ಟೆಲ್ಲ ಏರ್ಪಾಡು. ಕಿವಿ ಹತ್ತಿರ ಹಿಡಿದು ಬೀಸಿದರೆ ಸದ್ದೇ ಬರಲ್ಲ. ಅದೇ ಕಾಗೆ ಗರಿ ಬೀಸಿ ನೋಡಿ, ಸುಯ್ ಅನ್ನುತ್ತದೆ. ಆ ಹಲ್ಲು ತೀರಾ ಹೊರಗಿನ ಗರಿಯಲ್ಲಿ ಮಾತ್ರ ಚೆನ್ನಾಗಿ ಕಾಣುತ್ತದೆ, ಒಳಗಿನವುಗಳಲ್ಲಿ ಬರೀ ಮಖಮಲ್ಲು. ನಮ್ಮ ಬೀದಿಗಳ ಚಿಕ್ಕ ಗೂಬೆ ಹಾಲಕ್ಕಿಯಲ್ಲಿ ಇದೆಲ್ಲ ಅಷ್ಟು ಸ್ಪಷ್ಟ ಇರುವುದಿಲ್ಲ.

ನನ್ನ ಕಂದು ಗರಿಯ ಮೇಲ್ಮೈ ಮಖಮಲ್ಲಿನ ಹಾಗಿರಲಿಲ್ಲ, ನುಣುಪಾಗಿ ಬಿಗಿಯಾಗಿತ್ತು. ಅಂಚು ಬ್ಲೇಡಿನ ಹಾಗೆ ಸಾಫು. ಕಡ್ಡಿ ನೇರ, ಎರಡೂ ಪಕ್ಕ ಹೆಚ್ಚುಕಡಿಮೆ ಸಮ, ಅಂದರೆ ಬಾಲದ ನಡುವಿನದು. ಅಳತೆ 19 ಸೆಂ.ಮೀ. ಗೇಣುದ್ದದ ಬಾಲ ಹಾಲಕ್ಕಿಗೆ ಎಲ್ಲಿಂದ ಬರಬೇಕು? ಅದು ಇಡೀ ಹಕ್ಕಿಯೇ ಅಷ್ಟಿರೋದು. ಕಣಜ ಗೂಬೆಯದ್ದೂ ಮೋಟು ಬಾಲ. ಅಲ್ಲಿಗೆ ಗೂಬೆ ಕಥೆ ಮುಗಿಯಿತು.

ಈಗ ಬಣ್ಣ

ಬಣ್ಣ ಮೋಸ ಮಾಡುವ ಬಗೆ ಮೂರ್ನಾಲ್ಕು ಇವೆ. ಮೊದಲನೆಯದು ಹಳೇತನ. ಕಾಗೆಯ ಕಪ್ಪು ಗರಿ ವರ್ಷ ಪೂರ್ತಿ ಬಿಸಿಲಲ್ಲಿ ಬೆಂದು ಉದುರುವ ಹೊತ್ತಿಗೆ ಕಾಫಿ ಪುಡಿ ಬಣ್ಣಕ್ಕೆ ತಿರುಗಿರುತ್ತದೆ, ಅದನ್ನು ನೋಡಿ ಹದ್ದು ಅನ್ನುವವರು ಬೇಕಾದಷ್ಟು ಜನ. ಗೊರವಂಕದ ಬಾಲದ ತುದಿ ಬಿಳಿ ಇರಬೇಕು, ಆದರೆ ಬಿಳಿ ಭಾಗ ಬೇಗ ಸವೆಯುತ್ತದೆ, ಕಪ್ಪು ಕೊಡುವ ಮೆಲನಿನ್ ಇರುವ ಭಾಗ ಗಟ್ಟಿ. ಹಾಗಾಗಿ ತುದಿ ಹರಕಲಾದ ಹಳೇ ಗರಿಯಲ್ಲಿ ಬಿಳಿ ಇಲ್ಲದೇ ಇರಬಹುದು.

ಎರಡನೆಯದು, ಗರಿ ಬೆಳೆಯುವಾಗ ಹಕ್ಕಿಗೆ ಹೊಟ್ಟೆಗಿಲ್ಲದಿದ್ದರೆ ಅಥವಾ ಗಾಬರಿಯಾಗಿದ್ದರೆ ಗರಿಗೆ ಅಡ್ಡಲಾಗಿ ಕೂದಲೆಳೆಯಷ್ಟು ತೆಳುವಾದ ಗೆರೆ ಬೀಳುತ್ತದೆ. ಬೆಳಕಿಗೆ ಹಿಡಿದರೆ ಅಲ್ಲಿ ಗರಿ ಸೊರಗಿ ಪಾರದರ್ಶಕ ಆಗಿರೋದು ಕಾಣುತ್ತದೆ. ಅದು ವಿನ್ಯಾಸ ಅಲ್ಲ, ಪಟ್ಟೆ ಅಂತ ಎಣಿಸಬೇಡಿ.

ಮೂರನೆಯದು ನನಗೆ ಬಹಳ ಇಷ್ಟದ್ದು. ಮಿಂಚುಳ್ಳಿಯ ನೀಲಿ ಗರಿ ಸಿಕ್ಕರೆ ಮೊದಲು ಬೆಳಕು ನಿಮ್ಮ ಬೆನ್ನ ಹಿಂದೆ ಇರುವಂತೆ ನೋಡಿ. ಹೊಳೆಯುವ ನೀಲಿ. ಈಗ ಅದೇ ಗರಿಯನ್ನು ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು ನೋಡಿ. ನೀಲಿ ಮಾಯ, ಕೊಳಕು ಕಂದು. ಹಕ್ಕಿಗಳ ಗರಿಯಲ್ಲಿ ನೀಲಿ ಬಣ್ಣದ ವಸ್ತುವೇ ಇಲ್ಲ, ಗರಿಯ ಒಳಗಿನ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸಿ ನಮಗೆ ನೀಲಿ ಕಾಣಿಸುತ್ತದೆ. ಗಿಳಿಯ ಹಸಿರೂ ಅರ್ಧ ಹೀಗೇ: ಅದೇ ನೀಲಿಯ ಜೊತೆ ಹಳದಿ ಬಣ್ಣವಸ್ತು ಸೇರಿ ಹಸಿರು. ಆದ್ದರಿಂದ ಬಣ್ಣ ಬರೆದುಕೊಳ್ಳುವಾಗ ಬೆಳಕು ಎಲ್ಲಿತ್ತು ಅಂತ ಬರೆಯದಿದ್ದರೆ ಪ್ರಯೋಜನ ಇಲ್ಲ.

ನಮ್ಮೂರಿನ ಮಾಮೂಲಿ ಗರಿಗಳು

ಬೆಂಗಳೂರಿನಲ್ಲಿ ಕಣ್ಣಿಗೆ ಬೀಳುವ ಗರಿಗಳಲ್ಲಿ ಹೆಚ್ಚಿನವು ಪಾರಿವಾಳ, ಕಾಗೆ, ಹದ್ದು ಇವರಲ್ಲೇ ಒಬ್ಬರದ್ದು. ಅಪರೂಪದ ಹೆಸರು ಹೇಳುವ ಮೊದಲು ಈ ಮೂವರನ್ನು ವಿಚಾರಿಸಿ.

ಪಾರಿವಾಳದ ಬೂದು ಬಾಲದ ಗರಿಯ ತುದಿಯ ಹತ್ತಿರ ಅಗಲವಾದ ಕಪ್ಪು ಪಟ್ಟಿ ಇರುತ್ತದೆ, ತೀರಾ ಅಂಚಿನ ಗರಿಯಲ್ಲಿ ಹೊರಪಕ್ಕ ಬಿಳಿ. ಬೆರಳಿಗೆ ಮೆತ್ತಿಕೊಳ್ಳುವ ಬಿಳಿ ಪುಡಿಯೇ ಇದರ ಗುರುತು. ಅಪಾರ್ಟ್‌ಮೆಂಟಿನ ಗಾಜಿಗೆ ಪಾರಿವಾಳ ಡಿಕ್ಕಿ ಹೊಡೆದಾಗ ರೆಕ್ಕೆ ಸಮೇತ ಅಚ್ಚು ಮೂಡಿರೋದನ್ನು ನೋಡಿರುತ್ತೀರಿ, ಅದು ಈ ಪುಡಿಯೇ. ಸಾಕಿದ ಪಾರಿವಾಳಗಳ ಜೊತೆ ಬೆರೆತು ಬಿಳಿ, ಕಂದು, ಚುಕ್ಕೆ ಎಲ್ಲ ಬರುತ್ತವೆ, ಆಗಲೂ ಈ ಪುಡಿ ಕೈಬಿಡಲ್ಲ.

ಹದ್ದಿನ ಗರಿ ಶಿವಾಜಿನಗರದ ರಸೆಲ್ ಮಾರುಕಟ್ಟೆ ಸುತ್ತ, ಕೆ.ಆರ್. ಮಾರುಕಟ್ಟೆ ಸುತ್ತ ಸಿಗದಿದ್ದರೆ ಆಶ್ಚರ್ಯ. ರೆಕ್ಕೆಯದು ಕಡು ಕಂದು, ದಪ್ಪ ಕಡ್ಡಿ. ತುದಿಯ ಕಡೆ ಗರಿ ಇದ್ದಕ್ಕಿದ್ದಂತೆ ಕಿರಿದಾಗುತ್ತದೆ, ಯಾರೋ ಕತ್ತರಿಯಲ್ಲಿ ತುಂಡು ತೆಗೆದ ಹಾಗೆ. ಹಾರುವ ಹದ್ದಿನ ರೆಕ್ಕೆ ತುದಿ ಬೆರಳು ಬಿಡಿಸಿದ ಹಾಗೆ ಕಾಣೋದು ಇದರಿಂದಲೇ. ಬಾಲದ್ದರಲ್ಲಿ ಕಂದಿನ ಮೇಲೆ ಮಸುಕಾದ ಕಡು ಪಟ್ಟೆ. ಗರುಡನದ್ದು ಕೆಂಚು ಬಣ್ಣ, ರೆಕ್ಕೆಯ ತುದಿ ಕಪ್ಪು.

ಕೆಂಚು ಅಂದ ತಕ್ಷಣ ಗರುಡ ಅಂತ ಕೈ ಮುಗಿಯಬೇಡಿ. ಕೆಂಬೂತದ ರೆಕ್ಕೆಯೂ ಕೆಂಚೇ, ಆದರೆ ಉದ್ದ ಬಹಳ ಕಡಿಮೆ, ಬಾಲ ಮಾತ್ರ ಉದ್ದವಾದ ಹೊಳಪು ಕಪ್ಪು. ತುರಹಳ್ಳಿ ಕಾಡಿನ ಕಡೆ ಅಥವಾ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ದೊಡ್ಡ ಕೆಂಚು ಗರಿ ಸಿಕ್ಕರೆ ಗಂಡು ನವಿಲಿನ ರೆಕ್ಕೆಯದ್ದೂ ಆಗಿರಬಹುದು. ನವಿಲು ಅಂದರೆ ಕಣ್ಣಿನ ಗರಿ ಒಂದೇ ಅಲ್ಲ. ಆ ಕಣ್ಣಿನ ಗರಿ ನಿಜವಾಗಿ ಬಾಲದ್ದೂ ಅಲ್ಲ, ಬಾಲದ ಮೇಲೆ ಹೊದಿಸಿದ ಗರಿ. ನಿಜವಾದ ಬಾಲ ಅದರ ಹಿಂದೆ ಆಸರೆಯಾಗಿ ನಿಂತಿರುತ್ತದೆ, 20 ಗರಿ, ಎಲ್ಲ ಸಪ್ಪೆ ಕಂದು. ಮಳೆಗಾಲದ ಕೊನೆಗೆ ಕಣ್ಣಿನ ಗರಿಗಳೆಲ್ಲ ಉದುರುತ್ತವೆ.

ಕಪ್ಪು ಗರಿ ಕಾಗೆಯದ್ದೋ ಗಂಡು ಕೋಗಿಲೆಯದ್ದೋ ಅನ್ನೋ ಜಗಳ ತಪ್ಪಿದ್ದಲ್ಲ. ಕೋಗಿಲೆಯ ಬಾಲದ ಗರಿ ಕಾಗೆಯದಕ್ಕಿಂತ ಉದ್ದ, ಕಿರಿದು, ಹೊಳಪು ನೀಲಿ-ಹಸಿರು. ಕಾಗೆಯದ್ದು ಅಗಲ, ಹೊಳಪು ನೇರಳೆ ಕಡೆಗೆ. ಮೋಡದ ದಿನ ಇದನ್ನು ತೀರ್ಮಾನ ಮಾಡಬೇಡಿ, ಬಿಸಿಲಿಗೆ ಕಾಯಿರಿ.

ಗೊರವಂಕ ಸುಲಭ. ರೆಕ್ಕೆ ಗರಿ ಕಡು ಕಂದು, ಬುಡದ ಕಡೆ ದೊಡ್ಡ ಬಿಳಿ ಮಚ್ಚೆ. ಹಾರುವಾಗ ಫಳಫಳ ಅನ್ನೋ ಬಿಳಿ ಅದೇ. ಬಿಳಿ ಮಚ್ಚೆ ಜೊತೆ ನೀಲಿಯೂ ಇದ್ದು ತುದಿ ಕಪ್ಪಾಗಿದ್ದರೆ ಬಿಳಿ ಎದೆಯ ಮಿಂಚುಳ್ಳಿ. ಅದನ್ನು ನಮ್ಮ ರಾಜ್ಯಪಕ್ಷಿ ನೀಲಕಂಠ ಅಂತ ಹಿಗ್ಗುವವರಿದ್ದಾರೆ. ನೀಲಕಂಠದ ಗರಿಯಲ್ಲಿ ಬಿಳಿ ಮಚ್ಚೆ ಇಲ್ಲ, ತಿಳಿನೀಲಿ ಮತ್ತು ಕಡುನೀಲಿ ಪಟ್ಟಿ ಪಟ್ಟಿಯಾಗಿ ಇರುತ್ತದೆ.

ಹಸಿರು ಗರಿ ಉದ್ದವಾಗಿ, ಕಡ್ಡಿಯಂತೆ ಸಪೂರವಾಗಿ, ಅಡಿಭಾಗ ಹಳದಿಯಾಗಿದ್ದರೆ ಗಿಳಿಯ ಬಾಲ. ಚಿಕ್ಕದಾಗಿ ಕಂದು ಗರಿಯ ಒಂದೇ ಅಂಚಿಗೆ ಹಸಿರು ಬಳಿದ ಹಾಗಿದ್ದರೆ ಕುಟ್ರು ಹಕ್ಕಿ, ಲಾಲ್‌ಬಾಗಿನಲ್ಲಿ ಬೆಳಗ್ಗೆಯಿಂದ ಕುಟ್ರೂ ಕುಟ್ರೂ ಅಂತ ಬಾಯಿ ಮುಚ್ಚದ ಮಹಾಶಯ.

ಬಿಳಿ ಗರಿ? ಹೆಬ್ಬಾಳ, ಮಡಿವಾಳ ಕೆರೆ ದಂಡೆಯಲ್ಲಾದರೆ ಬೆಳ್ಳಕ್ಕಿಯೋ ಕೊಳಬಕವೋ ಇರಬಹುದು. ಕೊಳಬಕ ಕೂತಾಗ ಮಣ್ಣಿನ ಬಣ್ಣ, ಹಾರಿದರೆ ರೆಕ್ಕೆಯೆಲ್ಲ ಬಿಳಿ. ಬೀದಿಯಲ್ಲಿ ಸಿಕ್ಕರೆ ಮೊದಲು ಕೋಳಿ ಅಂಗಡಿ ಎಷ್ಟು ದೂರ ನೋಡಿ. ಕೋಳಿಯ ಮೈ ಗರಿಯಾದರೆ ಬುಡದಲ್ಲಿ ಇನ್ನೊಂದು ಮೆತ್ತನೆಯ ಮರಿ ಗರಿ ಅದೇ ಕಡ್ಡಿಗೆ ಅಂಟಿಕೊಂಡು ಬೆಳೆದಿರುತ್ತದೆ, ಬೆರಳಲ್ಲಿ ಬಿಡಿಸಿದರೆ ಕಾಣುತ್ತದೆ.

ಖಾತ್ರಿ ಮಾಡಿಕೊಳ್ಳುವುದು

ಇಷ್ಟಾದ ಮೇಲೆ ನಿಮ್ಮ ಕೈಯಲ್ಲಿ ಎರಡು ಮೂರು ಹೆಸರು ಉಳಿದಿರುತ್ತವೆ. ಈಗ ಹೋಲಿಸಿ. ಫೆದರ್ ಲೈಬ್ರರಿ ಅಂತ ಒಂದು ಜಾಲತಾಣ ಇದೆ, ಅಹಮದಾಬಾದಿನ ಇಬ್ಬರು 2021ರಲ್ಲಿ ಶುರು ಮಾಡಿದ್ದು, ನಮ್ಮ ದೇಶದ ಸತ್ತ ಹಕ್ಕಿಗಳ ಗರಿಗಳನ್ನು ಸಾಲಾಗಿ ಜೋಡಿಸಿ ಫೋಟೋ ಹಾಕಿದ್ದಾರೆ. ಎಡದಿಂದ ಬಲಕ್ಕೆ ರೆಕ್ಕೆ, ಬಾಲ ಎಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ನನ್ನ ಕೋಗಿಲೆ ಖಾತ್ರಿಯಾಗಿದ್ದು ಹಾಗೆ ಹೋಲಿಸಿದ ಮೇಲೆ. ಗೂಗಲ್‌ನಲ್ಲಿ 'ಕಂದು ಗರಿ' ಅಂತ ಹುಡುಕಿದರೆ ಅಮೆರಿಕದ ಹಕ್ಕಿಗಳೇ ಬಂದು ನಿಲ್ಲುತ್ತವೆ, ಆ ದಾರಿ ಹಿಡಿಯಬೇಡಿ.

ಇನ್ನೊಂದು ದಾರಿ, ಸುಮ್ನೆ ಕಾಯೋದು. ಗರಿ ಬಿದ್ದ ಜಾಗಕ್ಕೆ ಬೆಳಗ್ಗೆ ಆರೂವರೆಗೆ ಕಾಫಿ ಹಿಡಿದು ಹೋಗಿ ಅರ್ಧ ಗಂಟೆ ಕೂರಿ. ಗರಿ ಉದುರಿಸಿದವರು ಸಾಮಾನ್ಯವಾಗಿ ಅಲ್ಲೇ ಎಲ್ಲೋ ಇರುತ್ತಾರೆ, ಹಾರುವಾಗ ರೆಕ್ಕೆಯಲ್ಲಿ ಒಂದು ಗರಿಯಷ್ಟು ಸಂದು ಕಂಡರೂ ಕಾಣಬಹುದು.

ಫೋಟೋಗೆ ತಾರೀಖು, ಜಾಗ, ಉದ್ದ, ಮೈಯ ಯಾವ ಭಾಗ ಅಂತ ಬರೆದಿಡಿ. ಹೆಸರು ಗೊತ್ತಾಗದಿದ್ದರೆ 'ಗೊತ್ತಾಗಲಿಲ್ಲ' ಅಂತಲೇ ಬರೆಯಿರಿ. ನನ್ನ ಫೋನಿನಲ್ಲಿ ಅಂಥವು ಹನ್ನೊಂದು ಇವೆ.

ಮೊನ್ನೆ ಆ ಎರಡನೇ ಕ್ಲಾಸ್ ಹುಡುಗ ಓಡಿ ಬಂದ. "ಆಂಟಿ, ಬೆಳ್ಳಕ್ಕಿ ಗರಿ! ಎಡ ರೆಕ್ಕೆದು!" ಬಿಳೀ ಗರಿ, ಆರೇಳು ಸೆಂ.ಮೀ., ಕಡ್ಡಿ ಗಟ್ಟಿ, ತುದಿ ಗುಂಡಗೆ. ಬುಡ ನೋಡಿದೆ. ಹಕ್ಕಿಯ ಗರಿಯ ಬುಡ ಚೂಪಾಗಿ ಮುಗಿಯಬೇಕು, ಇದು ಬ್ಲೇಡಿನಲ್ಲಿ ಕತ್ತರಿಸಿದ ಹಾಗೆ ಸಪಾಟಾಗಿತ್ತು, ಮೇಲೆ ಅಂಟಿನ ಕಲೆ. "ಎಲ್ಲಿ ಸಿಕ್ತೋ?" ಅಂದೆ. "ಬ್ಯಾಡ್ಮಿಂಟನ್ ಕೋರ್ಟ್ ಹತ್ರ." ಒಂದು ಶಟಲ್‌ನಲ್ಲಿ ಬಾತು ಅಥವಾ ಹೆಬ್ಬಾತಿನ 16 ಗರಿ ಇರುತ್ತವೆ ಅಂತ ಹೇಳಿದೆ. ಅವನು ಒಂದು ಕ್ಷಣ ಯೋಚನೆ ಮಾಡಿ, ಮಿಕ್ಕ 15 ಹುಡುಕೋಕೆ ವಾಪಸ್ ಓಡಿದ.